ತಲೆಗೆ ಸಿಗುವ ಹೊತ್ತು ಹಲ್ಲಿಗೂ ಸಿಗಲಿ

ಪ್ರಶ್ನೆ: ನನಗೆ 36 ವರ್ಷ. ಇಳಕಲ್ ಹತ್ತಿರದ ಹಳ್ಳಿ. ಮನೆಯಲ್ಲಿ ಮಗ್ಗ ಇದೆ, ನಾನೂ ನೇಯುತ್ತೇನೆ. ವಾರಕ್ಕೊಮ್ಮೆ ತಲೆಗೆ ಎಣ್ಣೆ ಹಚ್ಚಿ ಎರೆದುಕೊಳ್ಳುತ್ತೇನೆ, ಮುಖಕ್ಕೆ ಕಡಲೆಹಿಟ್ಟು, ಅರಿಶಿನ ಹಚ್ಚುತ್ತೇನೆ. ಹಲ್ಲನ್ನು ಮಾತ್ರ ಬೆಳಿಗ್ಗೆ ಗಡಿಬಿಡಿಯಲ್ಲಿ ತಿಕ್ಕಿ ಮುಗಿಸುತ್ತೇನೆ. ಆರು ತಿಂಗಳಿಂದ ತಿಕ್ಕುವಾಗ ರಕ್ತ ಬರುತ್ತಿದೆ. ಬಾಯಿ ವಾಸನೆ ಬರುತ್ತದೇನೋ ಅಂತ ಮಂದಿ ಜೊತೆ ಮಾತನಾಡುವಾಗ ಸೆರಗು ಅಡ್ಡ ಹಿಡಿಯುತ್ತೇನೆ. 7 ವರ್ಷದ ಮಗಳಿಗೆ ಹೊಸದಾಗಿ ಬಂದ ಮುಂದಿನ ಹಲ್ಲಿನ ಮೇಲೆ ಕಂದು ಗೆರೆ ಕಾಣುತ್ತಿವೆ. ಮಗನಿಗೆ 2 ವರ್ಷ. ಅತ್ತೆ ಹಲ್ಲಿಗೆ ಮಿಸ್ರಿ (ಹುರಿದ ತಂಬಾಕಿನ ಪುಡಿ) ಹಚ್ಚುತ್ತಾರೆ, ನಮ್ಮ ಮನೆಯವರಿಗೆ ಅಡಿಕೆ ಚಟ. ಮನೆಯಲ್ಲಿ ಹಲ್ಲು ನೋಡಿಕೊಳ್ಳುವ ರೂಢಿ ಹೇಗೆ ತರಲಿ?

ಉತ್ತರ: ಸೆರಗು ಅಡ್ಡ ಹಿಡಿದು ಮಾತನಾಡುವ ಹೆಣ್ಣುಮಕ್ಕಳನ್ನು ನಾನು ದಿನಾ ನೋಡುತ್ತೇನೆ. ಬಾಗಲಕೋಟೆಯಲ್ಲಿ 20 ವರ್ಷದಿಂದ ಹಲ್ಲಿನ ಡಾಕ್ಟರ್ ಆಗಿದ್ದೇನೆ. ಕುರ್ಚಿಯಲ್ಲಿ ಕೂತ ಮೇಲೂ ಎಷ್ಟೋ ಜನ ಮೊದಲು ಹೇಳುವ ಮಾತು, ‘ಬಾಯಿ ತೆಗಿಯಾಕ ನಾಚಿಕಿ ಬರ್ತದ್ರಿ’. ತಲೆಯಲ್ಲಿ ಹೊಟ್ಟಾಗಿದೆ ಎನ್ನಲು, ಹಿಮ್ಮಡಿ ಒಡೆದಿದೆ ಎನ್ನಲು ಯಾರೂ ನಾಚುವುದಿಲ್ಲ. ಬಾಯಿಯ ವಿಷಯ ಬಂದರೆ ಮಾತ್ರ ತಲೆ ತಗ್ಗುತ್ತದೆ. ಆದ್ದರಿಂದ ತಂಗೆವ್ವಾ, ಮೊದಲು ಸಮಾಧಾನ ಮಾಡಿಕೊಳ್ಳಿ. ನೀವು ಬರೆದ ತೊಂದರೆ ಬಹಳ ಮಂದಿಗೆ ಇದೆ. ಅದರಲ್ಲಿ ಹೆಚ್ಚಿನದು ವಾಸಿಯಾಗುವಂಥದ್ದೇ. ಅರ್ಧಕ್ಕಿಂತ ಜಾಸ್ತಿ ಕೆಲಸ ನಿಮ್ಮ ಮನೆಯ ಬಚ್ಚಲಲ್ಲೇ ಆಗುತ್ತದೆ.

ನಮ್ಮ ಕಡೆ ಬೆಳಿಗ್ಗೆ ಮಕ್ಕಳಿಗೆ ಏನು ಹೇಳುತ್ತೇವೆ? ‘ಮಾರಿ ತೊಕ್ಕೊಂಡ್ ಬಾ, ಚಾ ಕುಡಿ.’ ಆ ಮಾರಿ ತೊಳೆಯುವುದರೊಳಗೇ ಹಲ್ಲು ತಿಕ್ಕುವುದೂ ಸೇರಿಹೋಗಿದೆ. ಹಲ್ಲಿಗೆ ಅಂತ ಬೇರೆ ಹೊತ್ತಿಲ್ಲ, ಬೇರೆ ಹೆಸರೂ ಇಲ್ಲ. ಒಲೆ ಮೇಲೆ ಚಹಾ ಕುದಿಯುತ್ತಿರುತ್ತದೆ, ಬಚ್ಚಲಿನ ಬಾಗಿಲಲ್ಲಿ ಇನ್ನೊಬ್ಬರು ಕಾಯುತ್ತಿರುತ್ತಾರೆ. ಎರಡು ಸಲ ಬ್ರಶ್ ಆಡಿಸಿ, ಒಂದು ತಂಬಿಗೆ ನೀರು ಮುಕ್ಕಳಿಸಿದರೆ ಮುಗಿಯಿತು. ಚಹಾ ಕುಡಿಯಲು ಪರವಾನಗಿ ಸಿಕ್ಕ ಹಾಗೆ.

ನಮ್ಮ ಅವ್ವನೂ ಹೀಗೇ ಇದ್ದಳು. ಪ್ರತಿ ಭಾನುವಾರ ನಾಲ್ಕೂ ಮಕ್ಕಳನ್ನು ಸಾಲಾಗಿ ಕೂರಿಸಿ, ಬಿಸಿ ಮಾಡಿದ ಎಣ್ಣೆಯನ್ನು ನೆತ್ತಿಗೆ ತಟ್ಟಿ ತಟ್ಟಿ ಹಚ್ಚುತ್ತಿದ್ದಳು. ಆಮೇಲೆ ತನ್ನ ಜಡೆ ಬಿಚ್ಚಿ ತಾನೂ ಹಚ್ಚಿಕೊಳ್ಳುತ್ತಿದ್ದಳು. ಅವಳಿಗೆ ಅಂತ ವಾರದಲ್ಲಿ ಇದ್ದದ್ದು ಅದೊಂದೇ ಹೊತ್ತು. ಹಲ್ಲಿಗೆ ಮಾತ್ರ ಇದ್ದಿಲ ಪುಡಿ, ಅದೂ ನಿಂತ ಕಾಲಲ್ಲೇ. 50 ದಾಟುವುದರೊಳಗೆ ಅವಳ ದವಡೆ ಹಲ್ಲುಗಳು ಒಂದೊಂದಾಗಿ ಅಲುಗಾಡಿ ಬಿದ್ದವು. ಕಟಕ ರೊಟ್ಟಿ ಎಂದರೆ ಅವಳಿಗೆ ಜೀವ. ಕೊನೆಕೊನೆಗೆ ಅದನ್ನು ಸಣ್ಣ ಸಣ್ಣ ಚೂರು ಮಾಡಿ, ಮಜ್ಜಿಗೆಯಲ್ಲಿ ನೆನೆಸಿ, ಮೆತ್ತಗಾಗುವ ತನಕ ಕಾಯುತ್ತಾ ಕೂರುತ್ತಿದ್ದಳು. ಪಕ್ಕದಲ್ಲಿ ನಾವು ಕಟಕಟ ಕಡಿಯುತ್ತಿದ್ದೆವು. ನಾನು ಆಗ ಡೆಂಟಲ್ ಕಾಲೇಜಿನ ಎರಡನೇ ವರ್ಷದಲ್ಲಿದ್ದೆ. ವಸಡಿನ ಪಾಠ ಓದುತ್ತಾ ಓದುತ್ತಾ ನಮ್ಮ ಅವ್ವನ ಬಾಯಿ ಕಣ್ಣಿಗೆ ಬಂತು. ಅಷ್ಟು ಹೊತ್ತಿಗೆ ತಡವಾಗಿತ್ತು. ಅದಕ್ಕೇ ನಿಮ್ಮ ಪತ್ರಕ್ಕೆ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನು ಹೇಳುವುದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಒಂದೇ. ಹಲ್ಲು ತಿಕ್ಕುವ ದೊಡ್ಡ ಹೊತ್ತನ್ನು ಬೆಳಗಿನಿಂದ ರಾತ್ರಿಗೆ ತನ್ನಿ. ಬೆಳಿಗ್ಗೆ ತಿಕ್ಕುವುದು ಬಿಡಬೇಡಿ, ಆದರೆ ರಾತ್ರಿಯದನ್ನು ಯಾವ ಕಾರಣಕ್ಕೂ ತಪ್ಪಿಸಬೇಡಿ.

ಯಾಕೆ ಅಂದರೆ, ಹಲ್ಲನ್ನು ಹಗಲೆಲ್ಲ ಕಾಯುವುದು ನಮ್ಮ ಜೊಲ್ಲು. ಊಟದ ಚೂರನ್ನು ತೊಳೆಯುತ್ತದೆ, ಹುಳಿಯನ್ನು ತಣಿಸುತ್ತದೆ, ಸವೆದ ಕಡೆ ಸುಣ್ಣದ ಅಂಶವನ್ನು ಮತ್ತೆ ತುಂಬುತ್ತದೆ. ನಿದ್ದೆ ಹತ್ತಿದ ಮೇಲೆ ಜೊಲ್ಲು ಊರುವುದು ತೀರ ಕಡಿಮೆ. ಆ ಆರೇಳು ತಾಸು ಕಾವಲುಗಾರ ಇಲ್ಲದ ಹೊಲದ ಹಾಗೆ ಬಾಯಿ. ಹಲ್ಲಿನ ಮೇಲೆ ಸದಾ ಒಂದು ಅಂಟಿನ ಪದರ ಕೂತಿರುತ್ತದೆ. ಅದನ್ನು ಪಾಚಿ ಎನ್ನುತ್ತೇವೆ. ಅದರ ತುಂಬ ಬ್ಯಾಕ್ಟೀರಿಯಾ. ನಾವು ತಿಂದ ಸಕ್ಕರೆಯನ್ನು, ಬೆಲ್ಲವನ್ನು, ಬಿಸ್ಕತ್ತಿನ ಹಿಟ್ಟನ್ನು ಅವೂ ತಿನ್ನುತ್ತವೆ. ತಿಂದು ಹುಳಿ ಬಿಡುತ್ತವೆ. ಆ ಹುಳಿ ಒಂದು ಮಟ್ಟ ದಾಟಿದರೆ, ಅಂದರೆ ಹುಳಿಯ ಅಳತೆಯಾದ ಪಿಎಚ್ (ಹುಳಿ ಹೆಚ್ಚಿದಷ್ಟೂ ಇದು ಇಳಿಯುತ್ತದೆ) ಸುಮಾರು 5.5ಕ್ಕಿಂತ ಕೆಳಗೆ ಇಳಿದರೆ, ಹಲ್ಲಿನ ಗಟ್ಟಿ ಮೇಲ್ಪದರ ಕರಗಲು ಶುರುವಾಗುತ್ತದೆ. ಹಗಲಲ್ಲಾದರೆ ಅರ್ಧ, ಮುಕ್ಕಾಲು ತಾಸಿನಲ್ಲಿ ಜೊಲ್ಲು ಅದನ್ನು ಸರಿ ಮಾಡುತ್ತದೆ. ರಾತ್ರಿ ಸರಿ ಮಾಡುವವರು ಇಲ್ಲ. ಊಟ ಮಾಡಿ ಹಾಗೇ ಮಲಗುವುದು ಎಂದರೆ ಇದು.

ಈಗ ನಿಮ್ಮ ರಕ್ತದ ವಿಷಯಕ್ಕೆ ಬರುತ್ತೇನೆ. ರಕ್ತ ಕಂಡ ಕೂಡಲೇ ಬಹಳ ಮಂದಿ ಆ ಜಾಗಕ್ಕೆ ಬ್ರಶ್ ತಾಗಿಸುವುದನ್ನೇ ಬಿಡುತ್ತಾರೆ. ಗಾಯ ಆಗಿದೆ, ಮುಟ್ಟಬಾರದು ಅಂತ. ಆಗಬೇಕಾದದ್ದು ಇದಕ್ಕೆ ಪೂರಾ ತಿರುವುಮುರುವು. ಅಲ್ಲಿ ಪಾಚಿ ಕೂತಿದೆ, ಅದಕ್ಕೇ ವಸಡು ಕೆಂಪಾಗಿ ಊದಿಕೊಂಡಿದೆ. ಊದಿದ ವಸಡು ಮುಟ್ಟಿದರೆ ರಕ್ತ ಬರುತ್ತದೆ. ಪಾಚಿ ತೆಗೆದರೆ ಊತ ಇಳಿಯುತ್ತದೆ, ರಕ್ತ ನಿಲ್ಲುತ್ತದೆ.

ಇದನ್ನು ಸುಮ್ನೆ ಹೇಳುತ್ತಿಲ್ಲ. 1965ರಲ್ಲಿ ಡೆನ್ಮಾರ್ಕಿನಲ್ಲಿ ಹೆರಾಲ್ಡ್ ಲೋ ಎಂಬ ವಿಜ್ಞಾನಿ ಮತ್ತು ಅವರ ಜೊತೆಯವರು ಒಂದು ಪ್ರಯೋಗ ಮಾಡಿದರು. ವಸಡು ಚೆನ್ನಾಗಿದ್ದ 12 ಜನರಿಗೆ ಹಲ್ಲು ತಿಕ್ಕುವುದನ್ನು ನಿಲ್ಲಿಸಲು ಹೇಳಿದರು. 10ರಿಂದ 21 ದಿನದೊಳಗೆ ಅಷ್ಟೂ ಜನರ ವಸಡು ಊದಿಕೊಂಡಿತು. ಮತ್ತೆ ತಿಕ್ಕಲು ಶುರು ಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ಎಲ್ಲರದ್ದೂ ಮೊದಲಿನಂತಾಯಿತು. ನಮ್ಮ ಶಾಸ್ತ್ರದಲ್ಲಿ ಇಷ್ಟು ಸರಳವಾಗಿ, ಇಷ್ಟು ಭರವಸೆ ಕೊಡುವ ಪ್ರಯೋಗ ಇನ್ನೊಂದಿಲ್ಲ ಎಂದು ನನಗೆ ಅನಿಸುತ್ತದೆ. ಹಾಳಾಗಲು ಎರಡು ಮೂರು ವಾರ, ಸರಿಯಾಗಲು ಒಂದು ವಾರ.

ಆದರೆ ನಿಮ್ಮದು ಆರು ತಿಂಗಳ ಮಾತು. ಅಷ್ಟು ದಿನ ಕೂತ ಪಾಚಿ ಜೊಲ್ಲಿನಲ್ಲಿರುವ ಸುಣ್ಣ ಸೇರಿ ಕಲ್ಲಾಗಿರುತ್ತದೆ. ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಕಟ್ಟುತ್ತದಲ್ಲ, ಹಾಗೆ. ಕೆಳಗಿನ ಮುಂದಿನ ಹಲ್ಲುಗಳ ಒಳಮೈಗೆ ನಾಲಿಗೆ ತಾಗಿಸಿ ನೋಡಿ. ಗರಗರ ಎನಿಸಿದರೆ ಅದೇ ಕಲ್ಲು. ಅದು ಬ್ರಶ್ಶಿಗೆ ಬರುವುದಿಲ್ಲ. ಒಮ್ಮೆ ಡಾಕ್ಟರ್ ಹತ್ತಿರ ಕ್ಲೀನ್ ಮಾಡಿಸಲೇಬೇಕು. ‘ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲ ಆಗ್ತಾವಂತ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಹೆದರಬೇಡಿ. ಕಲ್ಲು ತುಂಬಿದ್ದ ಜಾಗ ಖಾಲಿಯಾಗಿ ಸಂದು ಕಂಡ ಹಾಗಾಗುತ್ತದೆ, ಊದಿದ್ದ ವಸಡು ಇಳಿಯುತ್ತದೆ, ನಾಲ್ಕಾರು ದಿನ ತಣ್ಣೀರಿಗೆ ಜುಂ ಅನ್ನುತ್ತದೆ. ಹಲ್ಲನ್ನು ನಿಜವಾಗಿ ಸಡಿಲ ಮಾಡುವುದು ಒಳಗೇ ಉಳಿದ ಕಲ್ಲು. ಅದು ವಸಡನ್ನು ಕೆಳಗೆ ಕೆಳಗೆ ತಳ್ಳಿ, ಹಲ್ಲು ಹಿಡಿದಿರುವ ಎಲುಬನ್ನೇ ಕರಗಿಸುವ ಹಾಗೆ ಮಾಡುತ್ತದೆ. ಎಲುಬು ಕರಗಿದರೆ ಮತ್ತೆ ಬೆಳೆಯುವುದು ಕಷ್ಟ.

ಕ್ಲೀನ್ ಮಾಡಿಸಿ, ಸರಿಯಾಗಿ ತಿಕ್ಕಿದರೂ ಎರಡು ಮೂರು ವಾರದಲ್ಲಿ ರಕ್ತ ನಿಲ್ಲದಿದ್ದರೆ ಶುಗರ್ ಪರೀಕ್ಷೆ ಮಾಡಿಸಿ. ಶುಗರ್ ಜಾಸ್ತಿ ಇದ್ದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಶುಗರ್ ಹತೋಟಿಗೆ ಬರುವುದು ಕಷ್ಟ. ಎರಡೂ ಒಂದನ್ನೊಂದು ಎಳೆಯುತ್ತವೆ.

ಇನ್ನು ತಿಕ್ಕುವ ಬಗೆ. ನೀವು ನೇಕಾರರು, ನಿಮಗೆ ಹೇಳುವುದು ನನಗೆ ಸುಲಭ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಕೂಡಿಸುತ್ತೀರಲ್ಲ? ಸೀರೆಯ ಜೀವ ಇರುವುದೇ ಆ ಕೂಡಿಕೆಯಲ್ಲಿ. ಅಲ್ಲಿ ಒಂದೊಂದು ಎಳೆಗೂ ಕಣ್ಣಿಡುತ್ತೀರಿ. ಬಾಯಿಯಲ್ಲೂ ಅಂಥದ್ದೊಂದು ಕೂಡಿಕೆ ಇದೆ, ಹಲ್ಲು ವಸಡಿಗೆ ಸೇರುವ ಅಂಚು. ಪಾಚಿ ಕೂರುವುದು ಅಲ್ಲೇ. ನಾವು ತಿಕ್ಕುವುದು ಮಾತ್ರ ನಡುವಿನ ಬಯಲನ್ನು, ನಕ್ಕರೆ ಕಾಣುವ ಜಾಗವನ್ನು.

ಮೆತ್ತನೆಯ ಎಳೆಗಳ ಸಣ್ಣ ತಲೆಯ ಬ್ರಶ್ ತೆಗೆದುಕೊಳ್ಳಿ. ಪಾಕೀಟಿನ ಮೇಲೆ ‘ಸಾಫ್ಟ್’ ಎಂದಿರಬೇಕು. ಹಲ್ಲಿನ ಮೇಲ್ಪದರವನ್ನು ಗಟ್ಟಿ ಮಾಡುವ ಫ್ಲೋರೈಡ್ ಇರುವ ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು. ಜಾಹೀರಾತಿನಲ್ಲಿ ಬ್ರಶ್ಶಿನ ತುಂಬ ಅಲೆ ಅಲೆಯಾಗಿ ಹಾಕುತ್ತಾರಲ್ಲ, ಅಷ್ಟು ಯಾರಿಗೂ ಬೇಡ. ಬ್ರಶ್ಶನ್ನು ವಸಡಿನ ಅಂಚಿಗೆ ಓರೆಯಾಗಿ ಇಡಿ, ಅರ್ಧ ಎಳೆ ಹಲ್ಲಿನ ಮೇಲೆ, ಅರ್ಧ ವಸಡಿನ ಮೇಲೆ. ಅಲ್ಲೇ ಸಣ್ಣಗೆ ಅಲುಗಾಡಿಸಿ, ಒಂದು ಗೇಣು ಎಳೆಯಬೇಡಿ. ಎರಡು ಹಲ್ಲು ಆಯಿತು, ಮುಂದಿನ ಎರಡಕ್ಕೆ ಸರಿಯಿರಿ. ಮೇಲೆ ಹೊರಗೆ, ಮೇಲೆ ಒಳಗೆ, ಕೆಳಗೆ ಹೊರಗೆ, ಕೆಳಗೆ ಒಳಗೆ, ಆಮೇಲೆ ಅಗಿಯುವ ಮೈ. ಎರಡು ನಿಮಿಷ ಬೇಕು. ಬ್ರಶ್ಶನ್ನು ಮುಷ್ಟಿ ಕಟ್ಟಿ ಹಿಡಿಯಬೇಡಿ, ಪೆನ್ನಿನ ಹಾಗೆ ಬೆರಳಲ್ಲಿ ಹಿಡಿಯಿರಿ. ಆಗ ಜೋರು ತಾನಾಗಿಯೇ ಕಡಿಮೆಯಾಗುತ್ತದೆ. ಪಾತ್ರೆ ತಿಕ್ಕುವ ಜೋರು ಹಲ್ಲಿಗೆ ಬೇಡ. ಕೊನೆಗೆ ಉಗುಳಿ, ಅಷ್ಟೇ. ತಂಬಿಗೆಗಟ್ಟಲೆ ನೀರು ಮುಕ್ಕಳಿಸಿದರೆ ಹಲ್ಲಿಗೆ ಹತ್ತಿದ ಫ್ಲೋರೈಡೂ ತೊಳೆದುಹೋಗುತ್ತದೆ. ಇದು ನಮ್ಮವರಿಗೆ ಒಗ್ಗುವುದು ಕಷ್ಟ, ನನಗೆ ಗೊತ್ತು. ಮೊದಲ ವಾರ ಬಾಯಿ ತುಂಬ ಪೇಸ್ಟ್ ಇದ್ದ ಹಾಗೆ ಅನಿಸುತ್ತದೆ, ಆಮೇಲೆ ಅದೇ ಹಿತ ಎನಿಸುತ್ತದೆ.

ವಾಸನೆಯ ಬಹುಪಾಲು ನಾಲಿಗೆಯ ಹಿಂಭಾಗದಿಂದ ಮತ್ತು ವಸಡಿನಿಂದ ಬರುತ್ತದೆ. ನಾಲಿಗೆಯನ್ನು ದಿನಕ್ಕೊಮ್ಮೆ ಮೆಲ್ಲಗೆ ಹಿಂದಿನಿಂದ ಮುಂದಕ್ಕೆ ಕೆರೆದುಕೊಳ್ಳಿ. ಎರಡು ಬೆರಳು ಗಂಟಲಿಗೆ ಹಾಕಿ, ಓಣಿಗೆಲ್ಲ ಕೇಳುವ ಹಾಗೆ ಓಕರಿಸುವುದು ಬೇಕಿಲ್ಲ. ಹಲ್ಲಿನ ಸಂದಿಗೆ ಬ್ರಶ್ ಹೋಗುವುದಿಲ್ಲ, ಅಲ್ಲಿಗೆ ದಾರವೇ ಬೇಕು. ದಾರದ ಕೆಲಸ ನಿಮಗೆ ನಾನು ಹೇಳಿಕೊಡಬೇಕೇ? ಆದರೆ ಮಗ್ಗದ ರೇಷ್ಮೆ ಎಳೆ ಬೇಡ, ವಸಡನ್ನು ಕೊಯ್ಯುತ್ತದೆ. ಔಷಧಿ ಅಂಗಡಿಯಲ್ಲಿ ಡೆಂಟಲ್ ಫ್ಲಾಸ್ ಎಂದು ಕೇಳಿ. ಒಂದು ಮೊಳ ತೆಗೆದುಕೊಂಡು ಎರಡೂ ಕೈ ಬೆರಳಿಗೆ ಸುತ್ತಿ, ಸಂದಿಗೆ ಇಳಿಸಿ, ಹಲ್ಲಿನ ಪಕ್ಕಕ್ಕೆ ತಬ್ಬಿಸಿ ವಸಡಿನ ಕಡೆಯಿಂದ ಹೊರಕ್ಕೆ ಎಳೆಯಿರಿ. ಬಂದ ದಾರವನ್ನು ಒಮ್ಮೆ ಮೂಸಿ ನೋಡಿ. ಸೆರಗು ಅಡ್ಡ ಹಿಡಿಯುವ ಹಾಗೆ ಮಾಡಿದ್ದು ಏನೆಂದು ಗೊತ್ತಾಗುತ್ತದೆ. ಹದಿನೈದು ದಿನ ಬಿಟ್ಟು ಮತ್ತೆ ಮೂಸಿ ನೋಡಿ. ಪಿನ್ನು, ಸೂಜಿ, ಬೆಂಕಿಕಡ್ಡಿ ಮಾತ್ರ ಬಾಯಿಗೆ ತರಬೇಡಿ.

ಬೇವಿನ ಕಡ್ಡಿಯ ಬಗ್ಗೆ ಎಲ್ಲರೂ ಕೇಳುತ್ತಾರೆ. ತುದಿಯನ್ನು ಚೆನ್ನಾಗಿ ಅಗಿದು ಮೆತ್ತಗೆ ಮಾಡಿಕೊಂಡು ತಿಕ್ಕಿದರೆ ಕೆಡುಕಿಲ್ಲ. ಆದರೆ ಒಳಮೈಗೆ, ಹಿಂದಿನ ದವಡೆಗೆ ಅದು ಮುಟ್ಟುವುದಿಲ್ಲ. ಇದ್ದಿಲು, ಇಟ್ಟಿಗೆ ಪುಡಿ, ಬೂದಿ ಬೇಡವೇ ಬೇಡ. ಮೊದಮೊದಲು ಬೆಳ್ಳಗೆ ಕಾಣುತ್ತದೆ, ನಿಜ. ಬಿಳಿ ಮೇಲ್ಪದರ ಸವೆದು ಒಳಗಿನ ಹಳದಿ ಪದರ ಹೊರಗೆ ಬರುವ ತನಕ ಮಾತ್ರ. ಸವೆದ ಮೇಲ್ಪದರ ಮತ್ತೆ ಹುಟ್ಟುವುದಿಲ್ಲ.

ರೂಢಿ ತರುವುದು ಹೇಗೆ ಎಂದು ಕೇಳಿದ್ದೀರಿ. ನಾನು ಕಂಡ ಹಾಗೆ, ಹೊಸ ರೂಢಿ ಒಂಟಿಯಾಗಿ ನಿಲ್ಲುವುದಿಲ್ಲ, ಹಳೆಯದೊಂದಕ್ಕೆ ಕಟ್ಟಿದರೆ ನಿಲ್ಲುತ್ತದೆ. ರಾತ್ರಿ ಊಟ ಆಗಿ, ಪಾತ್ರೆ ತೊಳೆದು, ಹಾಲಿಗೆ ಹೆಪ್ಪು ಹಾಕಿ, ಬಾಗಿಲು ಹಾಕುತ್ತೀರಿ. ಆಮೇಲೆ ತಲೆ ಬಿಚ್ಚಿ ಜಡೆ ಹಾಕಿಕೊಳ್ಳುತ್ತೀರಿ, ಅಲ್ವಾ? ಹೆಪ್ಪಿಗೂ ಜಡೆಗೂ ನಡುವೆ ಹಲ್ಲನ್ನು ಸೇರಿಸಿ. ಬಾಚಣಿಗೆ ಇಡುವ ಕಡೆಯೇ ಬ್ರಶ್ಶೂ ಇರಲಿ. ಒಂದು ಸಣ್ಣ ಕನ್ನಡಿ ಬೆಳಕು ಬೀಳುವ ಕಡೆ ಗೋಡೆಗೆ ಹಾಕಿ. ನಿಂತ ಕಾಲಲ್ಲಿ ಬೇಡ, ಒಂದು ಮಣೆ ಹಾಕಿಕೊಂಡು ಕೂತು ತಿಕ್ಕಿ. ಅಷ್ಟು ಹೊತ್ತಿಗೆ ಯಾರೂ ನಿಮ್ಮನ್ನು ಕರೆಯುವುದಿಲ್ಲ, ಒಲೆ ಮೇಲೆ ಏನೂ ಉಕ್ಕುವುದಿಲ್ಲ. ದಿನವಿಡೀ ಮಂದಿಗಾಗಿ ದುಡಿದ ಮೇಲೆ ಈ ಹೊತ್ತು ನಿಮ್ಮದು ಮಾತ್ರ. ಎಣ್ಣೆ ಹಚ್ಚಿಕೊಳ್ಳುವಾಗ ಸಿಗುವ ಸುಖ ಇದರಲ್ಲೂ ಇದೆ. ನುಣುಪಾದ ಹಲ್ಲಿನ ಮೇಲೆ ನಾಲಿಗೆ ಆಡಿಸಿ ಮಲಗಿದರೆ ಮರುದಿನ ಹಾಗೇ ಮಲಗಲು ಮನಸ್ಸೇ ಬರುವುದಿಲ್ಲ. ಒಂದು ದಿನ ತಪ್ಪಿತು ಅಂತ ಬಿಟ್ಟುಬಿಡಬೇಡಿ, ಮರುದಿನ ಮತ್ತೆ ಹಿಡಿಯಿರಿ. ತಿಕ್ಕಿದ ಮೇಲೆ ನೀರು ಬಿಟ್ಟು ಬೇರೇನೂ ಬೇಡ.

ಮಗಳ ಹಲ್ಲಿನ ಗೆರೆಯ ವಿಷಯದಲ್ಲಿ ಒಂದು ಮಾತು ಕೈಮುಗಿದು ಹೇಳುತ್ತೇನೆ. ‘ಹಲ್ಲು ಸರಿಯಾಗಿ ತಿಕ್ಕಲ್ಲ, ಅದಕ್ಕೇ ಹಿಂಗಾಗ್ಯಾವ’ ಎಂದು ಅವಳನ್ನು ಬಯ್ಯಬೇಡಿ. ಅದು ಹೆಚ್ಚಾಗಿ ಅವಳ ತಪ್ಪಿರಲಾರದು. ನಮ್ಮ ಬಾಗಲಕೋಟೆ, ವಿಜಯಪುರ ಭಾಗದ ಎಷ್ಟೋ ಊರಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗೆ ಇದ್ದರೆ ಒಳ್ಳೆಯದು, ಬೇರೆ ನೀರು ಸಿಗದಿದ್ದರೆ 1.5 ಮಿಲಿಗ್ರಾಂ ತನಕ ನಡೆಯುತ್ತದೆ ಎಂದು ಭಾರತೀಯ ಮಾನದಂಡ ಹೇಳುತ್ತದೆ. ಅದಕ್ಕಿಂತ ಹೆಚ್ಚಿನ ನೀರನ್ನು ಮಗು ವರ್ಷಗಟ್ಟಲೆ ಕುಡಿದರೆ, ದವಡೆಯೊಳಗೆ ಹಲ್ಲು ತಯಾರಾಗುವಾಗಲೇ ಅದರ ಮೇಲ್ಪದರದಲ್ಲಿ ದೋಷ ಉಳಿಯುತ್ತದೆ. ಹಲ್ಲು ಹೊರಗೆ ಬಂದಾಗ ಬಿಳಿ ಮಚ್ಚೆ, ಹಳದಿ, ಕಂದು ಗೆರೆ ಕಾಣುತ್ತದೆ. ಅದು ಕೊಳೆಯಲ್ಲ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ, ಜೋರಾಗಿ ತಿಕ್ಕಿದರೆ ಇನ್ನಷ್ಟು ಸವೆಯುತ್ತದೆ.

ಒಮ್ಮೆ ಹತ್ತು ವರ್ಷದ ಹುಡುಗಿಯೊಬ್ಬಳು ಬಂದಿದ್ದಳು. ಯಾರೋ ಹೇಳಿದರು ಅಂತ ದಿನಾ ಉಪ್ಪು, ನಿಂಬೆಹಣ್ಣು ಹಾಕಿ ತಿಕ್ಕಿಕೊಳ್ಳುತ್ತಿದ್ದಳು. ಗೆರೆ ಹೋಗಿರಲಿಲ್ಲ, ಗಾಳಿ ತಾಕಿದರೂ ಹಲ್ಲು ಚುಳ್ ಅನ್ನುತ್ತಿತ್ತು. ಶಾಲೆಯಲ್ಲಿ ಯಾರೂ ನೋಡಬಾರದು ಅಂತ ತುಟಿ ಬಿಗಿ ಹಿಡಿದೇ ಮಾತನಾಡುತ್ತಿದ್ದಳು. ನಿಮ್ಮ ಮಗಳು ಸೆರಗಿನ ವಯಸ್ಸಿಗೆ ಬರುವ ಮುಂಚೆ ಅವಳಿಗೆ ಇದು ಹೊಲಸಲ್ಲ ಎಂದು ಹೇಳಿಕೊಡಿ. ಮುಂದೆ ಬೇಕೆನಿಸಿದರೆ ಆ ಗೆರೆಗಳನ್ನು ಕಡಿಮೆ ಮಾಡುವ, ಮುಚ್ಚುವ ಚಿಕಿತ್ಸೆ ಡಾಕ್ಟರ್ ಹತ್ತಿರ ಇದೆ.

ಈಗ ಮಾಡಬೇಕಾದದ್ದು ನೀರಿನ ಕೆಲಸ. ನೀರನ್ನು ಪರೀಕ್ಷೆ ಮಾಡಿಸಲು ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ದಟ್ಟವಾಗುತ್ತದೆ. ಊರಲ್ಲಿ ಶುದ್ಧ ನೀರಿನ ಘಟಕ ಇದ್ದರೆ, ಆರ್‌ಓ ಯಂತ್ರ ಸರಿಯಾಗಿ ನಡೆಯುತ್ತಿದ್ದರೆ, ಕುಡಿಯಲಿಕ್ಕೂ ಅಡುಗೆಗೂ ಅದೇ ನೀರು ಬಳಸಿ. ಹೊಳೆ ನೀರು ಶುದ್ಧ ಮಾಡಿ ಕೊಡುತ್ತಿದ್ದರೆ ಅದೂ ಒಳ್ಳೆಯದು. ಹಲ್ಲಿಗೆ ಈ ತೊಂದರೆ ಆಗುವುದು ಸುಮಾರು 8 ವರ್ಷದ ತನಕ. ಮಗಳ ಹಿಂದಿನ ಕೆಲವು ಹಲ್ಲುಗಳಿಗೆ ಇನ್ನೂ ಸ್ವಲ್ಪ ಹೊತ್ತು ಇದೆ. ಸಣ್ಣವನಿಗಂತೂ ಇನ್ನೂ ಬಹಳ ಹೊತ್ತು ಇದೆ. ಅವನಿಗಾಗಿಯಾದರೂ ಈ ವಾರವೇ ವಿಚಾರಿಸಿ.

ಹಾಗಂತ ಫ್ಲೋರೈಡ್ ಪೇಸ್ಟನ್ನೇ ಬಿಡಬೇಡಿ. ಅದು ಹಲ್ಲಿನ ಮೇಲೆ ಕೂತು ಕೆಲಸ ಮಾಡುತ್ತದೆ, ನುಂಗಿದರೆ ಮಾತ್ರ ತೊಂದರೆ. ಮಗನಿಗೆ ಅಕ್ಕಿ ಕಾಳಿನಷ್ಟು, ಮಗಳಿಗೆ ಬಟಾಣಿ ಕಾಳಿನಷ್ಟು ನೀವೇ ಹಾಕಿಕೊಡಿ, ಪೇಸ್ಟಿನ ಟ್ಯೂಬ್ ಮಕ್ಕಳ ಕೈಗೆ ಕೊಡಬೇಡಿ. ರಾತ್ರಿ ಇಬ್ಬರಿಗೂ ನೀವೇ ತಿಕ್ಕಿ. ಏಳೆಂಟು ವರ್ಷದ ತನಕ ಮಕ್ಕಳ ಕೈಗೆ ಆ ಹದ ಬಂದಿರುವುದಿಲ್ಲ. ಮಗಳನ್ನು ಮುಂದೆ ಕೂರಿಸಿಕೊಂಡು, ತಲೆಯನ್ನು ನಿಮ್ಮ ತೊಡೆಗೆ ಒರಗಿಸಿಕೊಳ್ಳಿ, ಹೇನು ನೋಡುವಾಗ ಕೂರಿಸಿಕೊಳ್ಳುತ್ತೇವಲ್ಲ, ಹಾಗೆ. ಬಾಯಿ ಪೂರಾ ಕಾಣುತ್ತದೆ.

ಆಗ ಎಲ್ಲಕ್ಕಿಂತ ಹಿಂದೆ, ಹಾಲುಹಲ್ಲುಗಳ ಸಾಲು ಮುಗಿಯುವ ಕಡೆ, ಒಂದು ದೊಡ್ಡ ದವಡೆ ಹಲ್ಲು ಕಾಣಬಹುದು. ಅದು 6ನೇ ವರ್ಷದ ಸುಮಾರಿಗೆ ಬರುತ್ತದೆ. ಅದು ಬರಲು ಯಾವ ಹಾಲುಹಲ್ಲೂ ಬೀಳುವುದಿಲ್ಲ, ಅದಕ್ಕೇ ಬಂದದ್ದು ಯಾರಿಗೂ ಗೊತ್ತಾಗುವುದಿಲ್ಲ. ಇದೂ ಹಾಲುಹಲ್ಲೇ, ಹುಳುಕಾದರೆ ಬಿದ್ದು ಇನ್ನೊಂದು ಬರುತ್ತದೆ ಎಂದು ತಂದೆತಾಯಿ ಸುಮ್ಮನಿರುತ್ತಾರೆ. ಅದು ಬದುಕಿನುದ್ದಕ್ಕೂ ಇರಬೇಕಾದ ಹಲ್ಲು. ರೊಟ್ಟಿ ಅಗಿಯುವ ಭಾರ ಹೊರುವುದೇ ಅದು. ಹನ್ನೆರಡು ವರ್ಷದ ಮಕ್ಕಳ ಬಾಯಿಯಿಂದ ಆ ಹಲ್ಲನ್ನು ಕೀಳಬೇಕಾಗಿ ಬಂದಾಗೆಲ್ಲ ನನಗೆ ಹೊಟ್ಟೆಯೊಳಗೆ ಸಂಕಟವಾಗುತ್ತದೆ. ಆ ಹಲ್ಲಿನ ಮೇಲಿನ ಗೀರುಗಳನ್ನು ತುಂಬಿಸಿ ಕಾಯುವ ಒಂದು ಸಣ್ಣ ಚಿಕಿತ್ಸೆ ಇದೆ, ಸೀಲೆಂಟ್ ಎನ್ನುತ್ತಾರೆ. ನೋವಿಲ್ಲ, ಸೂಜಿಯಿಲ್ಲ. ಕೇಳಿ ಮಾಡಿಸಿ.

ತಿನ್ನುವುದರ ಬಗ್ಗೆ ಸಣ್ಣದಾಗಿ ಹೇಳುತ್ತೇನೆ. ಕರದಂಟು ತಿನ್ನಬೇಡಿ, ಕುಂದಾ ತಿನ್ನಬೇಡಿ ಎಂದು ನಾನು ಹೇಳುವುದಿಲ್ಲ. ಎಷ್ಟು ತಿಂದಿರಿ ಎನ್ನುವುದಕ್ಕಿಂತ ದಿನಕ್ಕೆ ಎಷ್ಟು ಸಲ ತಿಂದಿರಿ ಎನ್ನುವುದನ್ನು ಹಲ್ಲು ಲೆಕ್ಕ ಇಡುತ್ತದೆ. ಊಟದ ಜೊತೆ ಎರಡು ಹೋಳು ತಿಂದರೆ ಹುಳಿ ಒಂದು ಸಲ ಏರಿ ಇಳಿಯುತ್ತದೆ. ಮಗ್ಗದ ಮೇಲೆ ಕೂತು ಬೆಳಗಿನಿಂದ ಸಂಜೆ ತನಕ ಆರು ಸಲ ಅರ್ಧರ್ಧ ಕಪ್ ಸಕ್ಕರೆ ಚಹಾ ಕುಡಿದರೆ ಆರು ಸಲ ಏರುತ್ತದೆ. ಎರಡು ಸಲಕ್ಕೆ ಇಳಿಸಿ, ಇಳಿಸಲು ಆಗದಿದ್ದರೆ ಕುಡಿದ ಮೇಲೆ ಬಾಯಿಗೆ ನೀರು ಹಾಕಿ ಮುಕ್ಕಳಿಸಿ. ಮಗನನ್ನು ಹಾಲಿನ ಬಾಟಲಿ ಬಾಯಲ್ಲಿಟ್ಟು ಮಲಗಿಸುವ ರೂಢಿ ಇದ್ದರೆ ಇಂದೇ ಬಿಡಿಸಿ.

ಅತ್ತೆಯ ಮಿಸ್ರಿಯ ವಿಷಯ ಬಹಳ ನಾಜೂಕು. ತಂಬಾಕನ್ನು ಹೆಂಚಿನ ಮೇಲೆ ಕರ್ರಗೆ ಹುರಿದು ಪುಡಿ ಮಾಡಿ ಹಲ್ಲಿಗೆ ಹಚ್ಚುವುದು ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯ ಹಿರಿಯ ಹೆಣ್ಣುಮಕ್ಕಳಲ್ಲಿ ಇನ್ನೂ ಇದೆ. ಅವರು ಅದನ್ನು ಚಟ ಎಂದುಕೊಂಡಿಲ್ಲ, ಹಲ್ಲಿನ ಔಷಧಿ ಎಂದೇ ನಂಬಿದ್ದಾರೆ. ಹಚ್ಚಿದ ಕೂಡಲೇ ನೋವು ಕಡಿಮೆಯಾಗುವುದೂ ಸುಳ್ಳಲ್ಲ, ವಸಡು ಮರಗಟ್ಟುತ್ತದೆ. ಒಳಗೊಳಗೇ ವಸಡು ಜಾರುತ್ತದೆ, ಬಾಯಿಯ ಚರ್ಮ ಬೆಳ್ಳಗಾಗುತ್ತದೆ, ಕ್ಯಾನ್ಸರಿಗೆ ದಾರಿಯಾಗುತ್ತದೆ. ತಂಬಾಕು ಬೆರೆಸಿದ ಹಲ್ಲುಪುಡಿ, ಪೇಸ್ಟ್ ತಯಾರಿಸುವುದನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧ ಮಾಡಿದೆ. ಆದರೆ ಮನೆಯ ಹೆಂಚಿಗೆ ಯಾವ ಕಾನೂನು ಮುಟ್ಟುತ್ತದೆ?

ಡಬ್ಬಿ ಬಚ್ಚಿಡಬೇಡಿ, ಮಕ್ಕಳ ಮುಂದೆ ಅವರನ್ನು ಹೀಯಾಳಿಸಬೇಡಿ. ಸೊಸೆಯ ಬಾಯಿಂದ ಬುದ್ಧಿಮಾತು ಕೇಳುವುದು ಯಾವ ಅತ್ತೆಗೂ ಕಷ್ಟ. ‘ಅತ್ತಿ, ನನಗೊಬ್ಬಾಕಿಗೇ ಹೋಗಾಕ ಅಂಜಿಕಿ ಬರ್ತದ, ನೀವೂ ಬರ್ರಿ’ ಎಂದು ನಿಮ್ಮ ಹಲ್ಲು ತೋರಿಸಲು ಹೋಗುವಾಗ ಅವರನ್ನು ಜೊತೆಗೆ ಕರೆದೊಯ್ಯಿರಿ. ಡಾಕ್ಟರ್ ಅವರ ಬಾಯನ್ನೂ ನೋಡಲಿ. ನನ್ನಲ್ಲಿ ಬಂದ ಹಿರಿಯರಿಗೆ ನಾನು ಮೊದಲು ನೋವಿಗೆ ಚಿಕಿತ್ಸೆ ಮಾಡುತ್ತೇನೆ, ಮಿಸ್ರಿಯ ಮಾತು ಆಮೇಲೆ. ನೋವು ಹೋದರೆ ಮಿಸ್ರಿಯ ಅರ್ಧ ಕಾರಣವೇ ಹೋಗುತ್ತದೆ. ದಿನಕ್ಕೆ ನಾಲ್ಕು ಸಲ ಇದ್ದದ್ದು ಒಂದಕ್ಕೆ ಬಂದ ತಾಯಂದಿರು, ಪೂರಾ ಬಿಟ್ಟವರು ಇದ್ದಾರೆ.

ಯಜಮಾನರ ವಿಷಯದಲ್ಲಿ ನಾನು ಇಷ್ಟು ತಾಳ್ಮೆ ಹೇಳಲಾರೆ. ‘ಬರೀ ಅಡಿಕೆ, ತಂಬಾಕಿಲ್ಲ’ ಎಂದು ಸಮಾಧಾನ ಮಾಡಿಕೊಳ್ಳುವುದು ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನೇ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಿಂದ ನಿಷೇಧ ಇದೆ. ಈಗ ಪಾನ್ ಮಸಾಲೆ ಚೀಟಿ ಒಂದು, ತಂಬಾಕು ಚೀಟಿ ಇನ್ನೊಂದು ಕೊಂಡು ಅಂಗೈಯಲ್ಲಿ ಬೆರೆಸುತ್ತಾರೆ. ಅಡಿಕೆ ಬಾಯಿಯ ಒಳಚರ್ಮವನ್ನು ಬಿಗಿ ಮಾಡುತ್ತಾ ಹೋಗುತ್ತದೆ. ಖಾರ ತಿಂದರೆ ಉರಿ, ಆಮೇಲೆ ಬಾಯಿ ತೆರೆಯುವುದು ಕಡಿಮೆ ಕಡಿಮೆ. ಇವತ್ತು ರಾತ್ರಿ ಅವರ ಬಾಯಿ ತೆರೆಸಿ, ಅವರದೇ ಮೂರು ಬೆರಳನ್ನು ನಿಲ್ಲಿಸಿ ಮುಂದಿನ ಹಲ್ಲುಗಳ ನಡುವೆ ಇಡಲು ಹೇಳಿ. ಮೂರು ಸಲೀಸಾಗಿ ಹೋಗಬೇಕು. ಎರಡೇ ಹೋದರೆ ತಡ ಮಾಡದೆ ತೋರಿಸಿ. ಬಿಗಿದ ಬಾಯಿ ಔಷಧಿಯಿಂದ ಪೂರಾ ಮೊದಲಿನ ಹಾಗೆ ಆಗುವುದು ಕಷ್ಟ, ಆದರೆ ಚಟ ಬಿಟ್ಟರೆ ಮುಂದೆ ಬಿಗಿಯುವುದನ್ನು ತಡೆಯಬಹುದು. ತಂಬಾಕೂ ಇದ್ದರೆ, ಬಿಡಲು ನೆರವಾಗುವ ಸರ್ಕಾರದ ಉಚಿತ ಫೋನ್ ಸಂಖ್ಯೆ ಇದೆ, 1800-11-2356. ಮನೆಯಲ್ಲಿ ಯಾರ ಬಾಯಲ್ಲಾದರೂ ಎರಡು ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಗಂಟು ಇದ್ದರೆ, ನೋವಿಲ್ಲ ಅಂತ ಬಿಡಬೇಡಿ. ಶುರುವಿನಲ್ಲಿ ಕ್ಯಾನ್ಸರಿಗೆ ಎಷ್ಟೋ ಸಲ ನೋವೇ ಇರುವುದಿಲ್ಲ.

ಖರ್ಚಿನ ಚಿಂತೆ ಇದ್ದೇ ಇರುತ್ತದೆ. ಕ್ಲೀನಿಂಗಿಗೆ, ಹುಳುಕು ತುಂಬಿಸಲು ತಾಲೂಕು ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ. ಬಾಗಲಕೋಟೆಯಲ್ಲಿ ಪಿ.ಎಂ. ನಾಡಗೌಡ ಸ್ಮಾರಕ ಡೆಂಟಲ್ ಕಾಲೇಜು, ವಿಜಯಪುರದಲ್ಲಿ ಅಲ್ ಅಮೀನ್, ಬೆಳಗಾವಿಯಲ್ಲಿ ಕೆಎಲ್ಇ ಡೆಂಟಲ್ ಕಾಲೇಜು ಇವೆ. ಕಲಿಯುವ ಹುಡುಗರು ಮಾಡುತ್ತಾರೆ ಅಂತ ಹಿಂಜರಿಯಬೇಡಿ, ಪಕ್ಕದಲ್ಲಿ ಕಲಿಸುವವರು ನಿಂತಿರುತ್ತಾರೆ. ಸ್ವಲ್ಪ ಹೊತ್ತು ಜಾಸ್ತಿ ಹಿಡಿಯುತ್ತದೆ, ಆದ್ದರಿಂದ ಬೆಳಿಗ್ಗೆ ಬೇಗ ಹೋಗಿ, ಬುತ್ತಿ ಕಟ್ಟಿಕೊಂಡು ಹೋಗಿ. ಅತ್ತೆ ಮತ್ತು ಮಗಳು ಇಬ್ಬರನ್ನೂ ಅದೇ ದಿನ ಕರೆದೊಯ್ದರೆ ಒಂದೇ ಓಡಾಟದಲ್ಲಿ ಮೂವರದ್ದೂ ಆಗುತ್ತದೆ.

ಅಲ್ಲಿಯ ತನಕ ಕಾಯಬೇಡಿ. ಬ್ರಶ್ಶಿನ ಎಳೆ ಬಾಗಿದ್ದರೆ ನಾಳೆಯೇ ಹೊಸದು ಕೊಳ್ಳಿ, ಮೂರು ತಿಂಗಳಿಗೊಮ್ಮೆ ಬದಲಿಸಿ. ಕ್ಲೀನ್ ಮಾಡಿಸಿ ಹದಿನೈದು ದಿನ ರಾತ್ರಿ ತಪ್ಪದೆ ತಿಕ್ಕಿದ ಮೇಲೆ ರಕ್ತ ಎಷ್ಟು ಕಡಿಮೆಯಾಯಿತು ಎಂದು ನನಗೆ ಬರೆಯಿರಿ. ನೀರಿನ ಪರೀಕ್ಷೆಯಲ್ಲಿ ಎಷ್ಟು ಬಂತು ಎನ್ನುವುದನ್ನೂ ಅದರಲ್ಲೇ ಬರೆಯಿರಿ. ಅದನ್ನು ನೋಡಿ ಸಣ್ಣವನಿಗೆ ಮುಂದೆ ಏನು ಮಾಡಬೇಕು ಎಂದು ಹೇಳುತ್ತೇನೆ.